ಪ್ರತ್ಯಕ್ಷ ಸಾಕ್ಷಿಯ ನೆನಪು ಮತ್ತು ತಪ್ಪು ಶಿಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣಾರೆ ಕಂಡವರು ಸುಳ್ಳು ಹೇಳದಿದ್ದ ಮೇಲೆ ತಪ್ಪು ಹೇಗಾಗುತ್ತದೆ?

ಸಿನಿಮಾದ ಕೋರ್ಟುಗಳಲ್ಲಿ ಸಾಕ್ಷಿಗಳು ಎರಡೇ ಬಗೆ: ಸತ್ಯ ಹೇಳುವವರು, ದುಡ್ಡಿಗೋ ಬೆದರಿಕೆಗೋ ಸುಳ್ಳು ಹೇಳುವವರು. ನಿಜವಾದ ಕೋರ್ಟಿನಲ್ಲಿ ಮೂರನೆಯ ಬಗೆಯೊಂದಿದೆ. ಪ್ರಾಮಾಣಿಕವಾಗಿ, ತುಂಬು ನಂಬಿಕೆಯಿಂದ ತಪ್ಪು ವ್ಯಕ್ತಿಯತ್ತ ಬೆರಳು ತೋರುವವರು ಇವರು. ಇವರೇ ಹೆಚ್ಚು ಅಪಾಯಕಾರಿ. ಪಾಟೀ ಸವಾಲು ಇರುವುದು ಸುಳ್ಳುಗಾರನನ್ನು ತಡವರಿಸುವಂತೆ ಮಾಡಲು. ತಾನು ಹೇಳುತ್ತಿರುವುದು ಸತ್ಯವೆಂದೇ ನಂಬಿರುವವರು ತಡವರಿಸುವುದಿಲ್ಲ. ವಕೀಲರು ಎಷ್ಟು ಜಗ್ಗಿದರೂ ಅವರ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ಕೇಳುವವರಿಗೆ ಆ ಗಟ್ಟಿತನವೇ ಸತ್ಯದ ಲಕ್ಷಣವಾಗಿ ಕಾಣುತ್ತದೆ.

ನೆನಪು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಕೇಂಬ್ರಿಡ್ಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಓದುಗರಿಗೆ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಕೊಟ್ಟು, ಕಾಲ ಕಳೆದಂತೆ ಮತ್ತೆ ಮತ್ತೆ ಹೇಳಿಸಿದರು. ಕಥೆ ಚಿಕ್ಕದಾಗುತ್ತ ಹೋಯಿತು, ಅಪರಿಚಿತ ವಿವರಗಳು ಪರಿಚಿತ ರೂಪ ತಾಳಿದವು. ಸೀಲ್ ಬೇಟೆ ಎಂದಿದ್ದದ್ದು ಮೀನು ಹಿಡಿಯುವುದಾಯಿತು. ಯಾರೂ ಬೇಕೆಂದು ಬದಲಿಸಿರಲಿಲ್ಲ.

ಕೇಳುವ ಪ್ರಶ್ನೆಯೇ ನೆನಪನ್ನು ಬದಲಿಸುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಪುರಾವೆ ಏನು?

ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ಪ್ರಸಿದ್ಧ ಉದಾಹರಣೆ. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ಚಿತ್ರ ತೋರಿಸಿ, ವೇಗ ಎಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ ಬದಲಾಗಿದ್ದದ್ದು ಒಂದೇ ಕ್ರಿಯಾಪದ. ಕಾರುಗಳು ‘ಅಪ್ಪಳಿಸಿದಾಗ’ ಎಂಬ ಅರ್ಥದ ಪದ ಕೇಳಿದವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಎಂದರು. ‘ತಾಗಿದಾಗ’ ಎಂಬಂಥ ಮೆತ್ತಗಿನ ಪದ ಕೇಳಿದವರು ಸುಮಾರು 32 ಎಂದರು. ಎಲ್ಲರೂ ನೋಡಿದ್ದು ಅದೇ ಚಿತ್ರಗಳನ್ನು.

ಇಷ್ಟಾದರೆ ಅಂದಾಜಿನ ಏರುಪೇರು ಎಂದು ಬಿಡಬಹುದಿತ್ತು. ಎರಡನೆಯ ಪ್ರಯೋಗದಲ್ಲಿ ವಾರ ಬಿಟ್ಟು ಮತ್ತೆ ಕರೆದು, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಮಂದಿ ಕಂಡೆವು ಎಂದರು. ‘ಗುದ್ದಿದಾಗ’ ಎಂದು ಕೇಳಿಸಿಕೊಂಡಿದ್ದ 50ರಲ್ಲಿ 7 ಮಂದಿ. ಠಾಣೆಯಲ್ಲಿ ಹೇಳಿಕೆ ಪಡೆಯುವಾಗ ‘ಅವನ ಕೈಯಲ್ಲಿದ್ದ ಮಚ್ಚು ಎಷ್ಟುದ್ದ ಇತ್ತು?’ ಎಂದು ಕೇಳುವುದಕ್ಕೂ ‘ಕೈಯಲ್ಲಿ ಏನಾದರೂ ಇತ್ತೇ?’ ಎಂದು ಕೇಳುವುದಕ್ಕೂ ಇರುವ ಅಂತರ ಇದೇ.

ನಿಜವಾಗಿ ಹೀಗೆ ಯಾರಿಗಾದರೂ ಶಿಕ್ಷೆಯಾಗಿದೆಯೇ?

ರೊನಾಲ್ಡ್ ಕಾಟನ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಪ್ಪು ಯಾವ ಯಾವ ಮೆಟ್ಟಿಲಲ್ಲಿ ಸೇರಿಕೊಂಡಿತು ಎಂಬುದು ಇಷ್ಟು ಸ್ಪಷ್ಟವಾಗಿ ಕಾಣುವ ಪ್ರಕರಣ ಅಪರೂಪ.

1984ರ ಜುಲೈ, ಅಮೆರಿಕದ ನಾರ್ತ್ ಕರೋಲಿನಾದ ಬರ್ಲಿಂಗ್ಟನ್. ಜೆನಿಫರ್ ಥಾಂಪ್ಸನ್ ಎಂಬ 22ರ ವಿದ್ಯಾರ್ಥಿನಿಯ ಮನೆಗೆ ನುಗ್ಗಿದವನೊಬ್ಬ ಚಾಕು ತೋರಿಸಿ ಅತ್ಯಾಚಾರ ಮಾಡಿದ. ಆಕೆ ಮುಂದೆ ತಾವೇ ಹೆಸರು ಹೇಳಿಕೊಂಡು ಈ ವಿಷಯದ ಬಗ್ಗೆ ದೇಶವಿಡೀ ಮಾತನಾಡಿದವರು. ಬದುಕಿ ಉಳಿದರೆ ಇವನನ್ನು ಹಿಡಿಸಿಕೊಡಲೇಬೇಕು ಎಂದು ಅವನ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿಕೊಂಡಿದ್ದರು. ಸಾಕ್ಷಿ ಎಂದರೆ ಹೀಗಿರಬೇಕು ಎಂದು ಯಾವ ತನಿಖಾಧಿಕಾರಿಯೂ ಹೇಳಿಯಾನು.

ಪೊಲೀಸರು ಆರು ಫೋಟೊ ಮುಂದಿಟ್ಟರು. ಆಕೆ ಹಲವು ನಿಮಿಷ ನೋಡಿ ಕಾಟನ್‌ನ ಫೋಟೊ ಆರಿಸಿದರು. ಕಂಡೊಡನೆ ಹೊಳೆದ ಗುರುತಲ್ಲ ಅದು, ಹೋಲಿಸಿ ಹೋಲಿಸಿ ತಲುಪಿದ ತೀರ್ಮಾನ. ಬಳಿಕ ಏಳು ಮಂದಿಯನ್ನು ಸಾಲಾಗಿ ನಿಲ್ಲಿಸಿದರು. ನಾಲ್ಕನೆಯವನೋ ಐದನೆಯವನೋ ಎಂದು ಆಕೆ ತೂಗಾಡಿ ಐದನೆಯವನನ್ನು ಆರಿಸಿದರು; ಅದು ಕಾಟನ್. ಫೋಟೊಗಳಲ್ಲೂ ಸಾಲಿನಲ್ಲೂ ಇದ್ದವನು ಅವನೊಬ್ಬನೇ. ಎರಡನೆಯ ಸಲ ಆ ಮುಖ ಪರಿಚಿತ ಅನಿಸದಿದ್ದರೆ ತಾನೇ ಆಶ್ಚರ್ಯ! ಫೋಟೊದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ಆಕೆಗೆ ತಿಳಿಸಿದರು. ಅನುಮಾನ ಅಲ್ಲಿಗೆ ಕರಗಿತು. 1985ರ ಜನವರಿಯಲ್ಲಿ ವಿಚಾರಣೆ ನಡೆಯುವ ಹೊತ್ತಿಗೆ ತೂಗಾಟದ ಸುಳಿವೂ ಉಳಿದಿರಲಿಲ್ಲ. ಜೀವಾವಧಿ ಶಿಕ್ಷೆಯಾಯಿತು.

1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ಕೋರ್ಟಿಗೇ ಕರೆತಂದರು. ಜೈಲಿನಲ್ಲಿ ಅವನೇ ಈ ಕೃತ್ಯದ ಬಗ್ಗೆ ಬಾಯಿಬಿಟ್ಟಿದ್ದನೆಂಬ ಮಾತು ಹರಡಿತ್ತು. ಇವನನ್ನು ತಾನು ನೋಡಿಯೇ ಇಲ್ಲ ಎಂದರು ಥಾಂಪ್ಸನ್. ಅಷ್ಟು ಹೊತ್ತಿಗೆ ಆಕೆಯ ನೆನಪಿನಲ್ಲಿ ಆ ರಾತ್ರಿಯ ಮುಖದ ಜಾಗದಲ್ಲಿ ಕಾಟನ್‌ನ ಮುಖ ಕೂತುಬಿಟ್ಟಿತ್ತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಪೂಲ್‌ನತ್ತ ಬೊಟ್ಟು ಮಾಡಿತು, ಅವನು ಒಪ್ಪಿಕೊಂಡ. ಕಾಟನ್ ಹತ್ತೂವರೆ ವರ್ಷ ಜೈಲಿನಲ್ಲಿ ಕಳೆದು ಹೊರಬಂದರು. ಆಮೇಲೆ ಇಬ್ಬರೂ ಭೇಟಿಯಾದರು, ಸ್ನೇಹಿತರಾದರು, ಒಟ್ಟಿಗೆ ಪುಸ್ತಕ ಬರೆದರು. ಕಾಟನ್‌ರ ಔದಾರ್ಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಮಾತ್ರ ಫೋಟೊದ ಬಳಿಕ ಅವರನ್ನೇ ಮತ್ತೆ ನಿಲ್ಲಿಸಿದ ಆ ಸಾಲಿನ ಮೇಲೆಯೇ ಸಿಟ್ಟು.

ಇದು ಅಪರೂಪದ ಪ್ರಕರಣವಿರಬಹುದಲ್ಲವೇ?

ನ್ಯೂಯಾರ್ಕಿನಲ್ಲಿ ಬ್ಯಾರಿ ಶೆಕ್ ಮತ್ತು ಪೀಟರ್ ನ್ಯೂಫೆಲ್ಡ್ ಎಂಬ ವಕೀಲರು ತಪ್ಪಾಗಿ ಶಿಕ್ಷೆಯಾದವರನ್ನು ಬಿಡಿಸಲು 1992ರಲ್ಲಿ ಇನೊಸೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಆರಂಭಿಸಿದರು. ಅಮೆರಿಕದಲ್ಲಿ ಡಿಎನ್‌ಎ ಮೂಲಕ ನಿರಪರಾಧಿ ಎಂದು ಸಾಬೀತಾದ 375 ಪ್ರಕರಣಗಳನ್ನು ಆ ಸಂಸ್ಥೆ ಲೆಕ್ಕ ಹಾಕಿದಾಗ, ಸುಮಾರು ಶೇ 69ರಲ್ಲಿ ತಪ್ಪು ಗುರುತು ಒಂದು ಕಾರಣವಾಗಿತ್ತು. ಡಿಎನ್‌ಎ ಸಿಗುವುದು ಮುಖ್ಯವಾಗಿ ಲೈಂಗಿಕ ಅಪರಾಧ ಮತ್ತು ಕೊಲೆಗಳಲ್ಲಿ. ಸರಗಳ್ಳತನದಲ್ಲೋ ರಸ್ತೆ ದರೋಡೆಯಲ್ಲೋ ಹಾಗೆ ಪರೀಕ್ಷಿಸಲು ಬಹುತೇಕ ಏನೂ ಉಳಿಯುವುದಿಲ್ಲ, ಹಾಗಾಗಿ ಅಲ್ಲಿನ ತಪ್ಪುಗಳು ಬೆಳಕಿಗೇ ಬರುವುದಿಲ್ಲ.

ಡಿಎನ್‌ಎಗಿಂತ ಹಳೆಯ ಕಥೆಗಳೂ ಇವೆ. ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬವನನ್ನು ತಮಗೆ ಮೋಸ ಮಾಡಿದವನು ಇವನೇ ಎಂದು ಹಲವು ಮಹಿಳೆಯರು ಗುರುತಿಸಿ 1896ರಲ್ಲಿ ಏಳು ವರ್ಷದ ಸಜೆಯಾಯಿತು. ಬಿಡುಗಡೆಯಾಗಿ ಬಂದವನನ್ನು 1904ರಲ್ಲಿ ಮತ್ತೆ ಗುರುತಿಸಿ ಮತ್ತೆ ದೋಷಿ ಎಂದರು. ಶಿಕ್ಷೆಯ ಪ್ರಮಾಣ ಪ್ರಕಟವಾಗುವ ಮುನ್ನ ನಿಜವಾದ ಮೋಸಗಾರ ಬೇರೆ ಪ್ರಕರಣದಲ್ಲಿ ಸಿಕ್ಕಿಬಿದ್ದ. ಇಂಗ್ಲೆಂಡಿನಲ್ಲಿ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಹುಟ್ಟಲು ಈ ಹಗರಣವೂ ಕಾರಣ.

ಸಾಕ್ಷಿ ‘ನೂರಕ್ಕೆ ನೂರು ಇವನೇ’ ಎಂದು ಹೇಳಿದರೆ ಅದಕ್ಕೆ ಬೆಲೆ ಇಲ್ಲವೇ?

ಇದೆ. ಆದರೆ ಯಾವಾಗ ಹೇಳಿದ್ದು ಎಂಬುದರ ಮೇಲೆ. ಮನೋವಿಜ್ಞಾನಿಗಳಾದ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಭದ್ರತಾ ಕ್ಯಾಮೆರಾದ ದೃಶ್ಯ ತೋರಿಸಿ, ಅದರಲ್ಲಿದ್ದವನ ಫೋಟೊ ಇಲ್ಲದ ಸಾಲಿನಿಂದ ಒಬ್ಬನನ್ನು ಆರಿಸಲು ಹೇಳಿದರು. ಆರಿಸಿದ್ದೆಲ್ಲ ತಪ್ಪೇ. ಕೆಲವರಿಗೆ ಮಾತ್ರ ‘ಒಳ್ಳೆಯದು, ಶಂಕಿತನನ್ನೇ ಗುರುತಿಸಿದಿರಿ’ ಎಂದರು. ಅಷ್ಟೇ ಸಾಕಾಯಿತು. ಆ ಮಾತು ಕೇಳಿದವರು ತಾವು ಮೊದಲಿನಿಂದಲೂ ಖಚಿತವಾಗಿದ್ದೆವು, ಮುಖ ಚೆನ್ನಾಗಿ ಕಂಡಿತ್ತು, ಹೆಚ್ಚು ಗಮನ ಕೊಟ್ಟಿದ್ದೆವು ಎಂದೆಲ್ಲ ಹೇಳತೊಡಗಿದರು. ಒಂದು ಶಹಬ್ಬಾಸ್‌ಗಿರಿ ಹಿಂದಿನ ಅನುಭವವನ್ನೇ ತಿದ್ದಿಬಿಟ್ಟಿತು.

ಇದರ ಇನ್ನೊಂದು ಮಗ್ಗುಲನ್ನು ಜಾನ್ ವಿಕ್ಸ್‌ಟೆಡ್ ಮತ್ತು ವೆಲ್ಸ್ 2017ರಲ್ಲಿ ಒಟ್ಟಿಗೆ ಬರೆದರು. ಮೊದಲ ಸಲ, ಸರಿಯಾದ ವಿಧಾನದಲ್ಲಿ, ಯಾರೂ ಏನೂ ಹೇಳಿಕೊಡದೆ ಕೇಳಿದಾಗ ಸಾಕ್ಷಿ ತೋರುವ ವಿಶ್ವಾಸ ಗುರುತಿನ ನಿಖರತೆಗೆ ಒಳ್ಳೆಯ ಸೂಚಕವೇ ಹೌದು. ಅದೇ ಹೊತ್ತಿನ ಹಿಂಜರಿಕೆಯೂ ಅಷ್ಟೇ ಮಹತ್ವದ ಸೂಚಕ. ಈ ಇಡೀ ಪುಟದಿಂದ ಒಂದೇ ಸಾಲು ಒಯ್ಯುವುದಾದರೆ ಇದನ್ನು ಒಯ್ಯಿರಿ: ಮೊದಲ ಗುರುತಿನ ಹೊತ್ತಿಗೆ ಸಾಕ್ಷಿ ಆಡಿದ ಮಾತೇ ಸಾಕ್ಷ್ಯ, ಕೋರ್ಟಿನಲ್ಲಿ ತೋರಿದ ಧೈರ್ಯ ಬಹುಪಾಲು ಅದರ ಮೇಲೆ ಆಮೇಲೆ ಬಳಿದ ಬಣ್ಣ.

ಅಷ್ಟು ಭೀಕರವಾದದ್ದು ಮನಸ್ಸಿನಲ್ಲಿ ಅಚ್ಚೊತ್ತಿದಂತೆ ಉಳಿಯುವುದಿಲ್ಲವೇ?

ಘಟನೆ ಉಳಿಯುತ್ತದೆ, ಮುಖ ಉಳಿಯುವುದು ಖಾತರಿ ಇಲ್ಲ. ಅಮೆರಿಕದ ಸೇನಾ ತರಬೇತಿ ಶಿಬಿರದಲ್ಲಿ ಚಾರ್ಲ್ಸ್ ಮಾರ್ಗನ್ ತಂಡ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 500ಕ್ಕೂ ಹೆಚ್ಚು ಯೋಧರಿದ್ದರು. ಅಣಕು ಯುದ್ಧಕೈದಿಗಳಾಗಿ ತೀವ್ರ ಒತ್ತಡದ ವಿಚಾರಣೆ ಎದುರಿಸಿದವರಲ್ಲಿ, ತಮ್ಮ ಮುಂದೆಯೇ ನಿಂತು ವಿಚಾರಿಸಿದವನನ್ನು ಸಾಲಿನಲ್ಲಿ ಸರಿಯಾಗಿ ಗುರುತಿಸಿದವರು ಶೇ 30. ಒತ್ತಡ ಕಡಿಮೆ ಇದ್ದ ವಿಚಾರಣೆಯಲ್ಲಿ ಶೇ 62. ಇವರು ಗಟ್ಟಿಗರಾದ ಸೈನಿಕರು, ಎದುರಿಗಿದ್ದ ಮುಖವನ್ನು ಹತ್ತಿರದಿಂದ ಕಂಡವರು.

ಆಯುಧ ಇದ್ದರಂತೂ ಕಣ್ಣು ಅದರ ಮೇಲೆಯೇ ನೆಡುತ್ತದೆ. ಚಾಕುವಿನ ಹಿಡಿಯ ಬಣ್ಣ ನೆನಪಿದ್ದು ಮುಖ ಮಸುಕಾಗಿದ್ದರೆ ಆ ಸಾಕ್ಷಿ ಸುಳ್ಳುಗಾರನಲ್ಲ.

ನಾಲ್ಕೈದು ಮಂದಿ ಒಬ್ಬನನ್ನೇ ತೋರಿಸಿದರೆ?

ಅವರು ಒಬ್ಬರಿಗೊಬ್ಬರು ಮಾತಾಡಿಕೊಂಡಿರದಿದ್ದರೆ ತೂಕ ಹೆಚ್ಚು. ಮೇರಿಲ್ಯಾಂಡಿನ ಕಿರ್ಕ್ ಬ್ಲಡ್ಸ್‌ವರ್ತ್ ಅವರನ್ನು ಐದು ಸಾಕ್ಷಿಗಳು ಗುರುತಿಸಿದರು, 1985ರಲ್ಲಿ ಮರಣದಂಡನೆಯಾಯಿತು. 1993ರಲ್ಲಿ ಡಿಎನ್‌ಎ ಅವರನ್ನು ಬಿಡಿಸಿತು. ಅಮೆರಿಕದಲ್ಲಿ ಮರಣದಂಡನೆಗೆ ಗುರಿಯಾದವರೊಬ್ಬರು ಡಿಎನ್‌ಎಯಿಂದ ದೋಷಮುಕ್ತರಾದ ಮೊದಲ ಪ್ರಕರಣ ಅದು.

ಮಾತುಕತೆಯಲ್ಲಿ ನೆನಪು ಅಂಟುವುದನ್ನು ಫಿಯೊನಾ ಗ್ಯಾಬರ್ಟ್ ತಂಡ 2003ರಲ್ಲಿ ತೋರಿಸಿತು. ಒಂದೇ ಘಟನೆಯನ್ನು ಬೇರೆ ಬೇರೆ ಕೋನದಿಂದ ಕಂಡ ಇಬ್ಬರನ್ನು ಮಾತಾಡಲು ಬಿಟ್ಟಾಗ, ಶೇ 71 ಮಂದಿ ತಾವು ನೋಡಿರಲು ಸಾಧ್ಯವೇ ಇಲ್ಲದ ವಿವರವನ್ನು ತಾವೇ ಕಂಡಂತೆ ಹೇಳಿದರು. ನಮ್ಮಲ್ಲಿ ಒಂದು ಅಪಘಾತವಾದರೆ ಪೊಲೀಸರು ಬರುವ ಮೊದಲೇ ಪಕ್ಕದ ಚಹಾ ಅಂಗಡಿಯಲ್ಲಿ ಒಮ್ಮತದ ಕಥೆಯೊಂದು ಸಿದ್ಧವಾಗಿರುತ್ತದೆ. ಕೊಲೆಯಾದ ಕೋಣೆಗೆ ಟೇಪ್ ಕಟ್ಟಿ, ಕೈಗವಸು ಹಾಕಿಕೊಂಡು ಒಳಗೆ ಹೋಗುತ್ತಾರೆ. ಸಾಕ್ಷಿಯ ತಲೆಯೊಳಕ್ಕೆ ಮಾತ್ರ ಊರೆಲ್ಲ ಚಪ್ಪಲಿ ಹಾಕಿಕೊಂಡೇ ನುಗ್ಗುತ್ತದೆ.

ಮುಖ ನೆನಪಿದ್ದು, ಕಂಡ ಜಾಗ ತಪ್ಪಾಗುವುದುಂಟೇ?

ಉಂಟು. ಆಸ್ಟ್ರೇಲಿಯಾದ ಮನೋವಿಜ್ಞಾನಿ ಡೊನಾಲ್ಡ್ ಥಾಮ್ಸನ್ ಅವರನ್ನು ಅತ್ಯಾಚಾರಿ ಎಂದು ಮಹಿಳೆಯೊಬ್ಬರು ಗುರುತಿಸಿದ್ದರು. ದಾಳಿ ನಡೆದ ಹೊತ್ತಿಗೆ ಅವರು ಟಿವಿಯ ನೇರ ಪ್ರಸಾರದಲ್ಲಿದ್ದರು, ಆಕೆ ಅದೇ ಕಾರ್ಯಕ್ರಮ ನೋಡುತ್ತಿದ್ದರು. ಪರದೆಯ ಮುಖ ದಾಳಿಕೋರನ ಮೈಗೆ ಅಂಟಿಕೊಂಡಿತ್ತು. ಥಾಮ್ಸನ್ ಅವರ ಸಂಶೋಧನಾ ಕ್ಷೇತ್ರವೂ ನೆನಪೇ. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಗುರುತು ಪರೇಡ್ ಹೇಗೆ ನಡೆದರೆ ಸರಿ?

ಗುರುತು ಪರೇಡ್ ಎಂದರೆ ಶಂಕಿತನನ್ನು ಇತರರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಗೆ ತೋರಿಸುವುದು. ಅದರಲ್ಲಿ ಮುಖ್ಯವಾದದ್ದು ಕೆಲವೇ. ಶಂಕಿತ ಯಾರೆಂದು ಗೊತ್ತಿಲ್ಲದವರು ಪರೇಡ್ ನಡೆಸಬೇಕು. ಗೊತ್ತಿದ್ದವರ ಕಣ್ಣು, ದನಿ, ಒಂದು ಕ್ಷಣದ ಮೌನವೂ ಸುಳಿವು ಕೊಡುತ್ತದೆ. ‘ಅಪರಾಧಿ ಈ ಸಾಲಿನಲ್ಲಿ ಇಲ್ಲದೆಯೂ ಇರಬಹುದು’ ಎಂದು ಮೊದಲೇ ಹೇಳಬೇಕು. ಜೊತೆಗೆ ನಿಂತವರು ಸಾಕ್ಷಿ ಕೊಟ್ಟ ವರ್ಣನೆಗೆ ಹೊಂದಬೇಕು; ಗಡ್ಡ ಇತ್ತು ಎಂದಿದ್ದರೆ ಗಡ್ಡದವನೊಬ್ಬನನ್ನೇ ನಿಲ್ಲಿಸುವುದು ಪರೇಡ್ ಅನಿಸಿಕೊಳ್ಳದು. ಆರಿಸಿದ ಕೂಡಲೇ ಎಷ್ಟು ಖಚಿತ ಎಂಬುದನ್ನು ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು, ವಿಡಿಯೊ ಮಾಡಬೇಕು. ಅದೇ ಶಂಕಿತನನ್ನು ಅದೇ ಸಾಕ್ಷಿಗೆ ಎರಡನೆಯ ಸಲ ತೋರಿಸಬಾರದು.

ಎಚ್ಚರಿಕೆಯ ಮಾತು ಏಕೆ ಬೇಕು ಎಂಬುದಕ್ಕೆ ವೆಲ್ಸ್ 1993ರಲ್ಲಿ ಕೊಟ್ಟ ಅಂಕಿ ನೋಡಿ. ನಟಿಸಿದ ಅಪರಾಧವೊಂದನ್ನು ಕಂಡವರಿಗೆ ಅಪರಾಧಿಯ ಫೋಟೊ ಇದ್ದ ಸಾಲು ತೋರಿಸಿದಾಗ ಶೇ 54 ಮಂದಿ ಅವನನ್ನೇ ಆರಿಸಿದರು, ಶೇ 21 ಮಂದಿ ಯಾರೂ ಅಲ್ಲ ಎಂದರು. ಅವನ ಫೋಟೊ ತೆಗೆದು ಉಳಿದವರನ್ನಷ್ಟೇ ತೋರಿಸಿದಾಗ, ಅವನನ್ನು ಆರಿಸಬೇಕಿದ್ದವರೆಲ್ಲ ‘ಯಾರೂ ಅಲ್ಲ’ ಎನ್ನಬೇಕಿತ್ತು. ಹಾಗೆಂದವರು ಶೇ 32 ಮಾತ್ರ. ಉಳಿದವರು ಇದ್ದವರಲ್ಲೇ ಹೆಚ್ಚು ಹೋಲುವವನನ್ನು ಹಿಡಿದರು.

ಎಲ್ಲರನ್ನೂ ಒಟ್ಟಿಗೆ ತೋರಿಸಬೇಕೋ ಒಬ್ಬೊಬ್ಬರನ್ನಾಗಿ ತೋರಿಸಬೇಕೋ ಎಂಬ ಬಗ್ಗೆ ಸಂಶೋಧಕರಲ್ಲೇ ದೊಡ್ಡ ಜಗಳವಿದೆ. 2014ರ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ ಯಾವ ಪಕ್ಷವನ್ನೂ ವಹಿಸಲಿಲ್ಲ.

ಭಾರತದ ಕಾನೂನು ಇದನ್ನು ಹೇಗೆ ನೋಡುತ್ತದೆ?

ಕಾಗದದ ಮೇಲೆ ನಮ್ಮದು ಅಮೆರಿಕಕ್ಕಿಂತ ಒಂದು ಹೆಜ್ಜೆ ಮುಂದಿದೆ. ನಮ್ಮಲ್ಲಿ ಪರೇಡ್ ನಡೆಸುವುದು ತನಿಖಾಧಿಕಾರಿಯ ಕೆಲಸವಲ್ಲ. ದಂಡಾಧಿಕಾರಿಗಳು ನಡೆಸುತ್ತಾರೆ, ಕರ್ನಾಟಕದಲ್ಲಿ ಸಾಮಾನ್ಯವಾಗಿ ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರು, ಜೈಲಿನೊಳಗೆ. ಪೊಲೀಸರ ಮುಂದೆ ಮಾಡಿದ ಗುರುತು ಪೊಲೀಸರಿಗೆ ಕೊಟ್ಟ ಹೇಳಿಕೆಯಂತಾಗಿ ಬಿದ್ದುಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಮನೋವಿಜ್ಞಾನಿಗಳು ದಶಕಗಳ ಪ್ರಯೋಗದಿಂದ ಕಂಡುಕೊಂಡ ನಿಯಮದ ಅರ್ಧಭಾಗ ನಮ್ಮಲ್ಲಿ ಪೊಲೀಸರ ಮೇಲಿನ ಅಪನಂಬಿಕೆಯಿಂದಲೇ ಹುಟ್ಟಿಕೊಂಡಿದೆ.

ಆದರೆ ತೂಕ ಹಾಕುವಾಗ ತಕ್ಕಡಿ ತಿರುಗುತ್ತದೆ. ಸಾಕ್ಷಿ ಕೋರ್ಟಿನಲ್ಲಿ ಕಟಕಟೆಯತ್ತ ತೋರಿಸಿ ‘ಇವನೇ’ ಎನ್ನುವುದು ಮೂಲ ಸಾಕ್ಷ್ಯ; ಪರೇಡಿನ ಗುರುತು ಅದಕ್ಕೆ ಬೆಂಬಲ ಮಾತ್ರ. ಹಿಂದಿನ ಸಾಕ್ಷ್ಯ ಅಧಿನಿಯಮದ 9ನೆಯ ಕಲಮಿನ ಕಾಲದಿಂದ ಬಂದ ಈ ನಿಲುವು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಬದಲಾಗಿಲ್ಲ. ಘಟನೆಯಾಗಿ ವರ್ಷಗಳ ಮೇಲೆ, ಪಕ್ಕದಲ್ಲಿ ಪೊಲೀಸರನ್ನಿಟ್ಟುಕೊಂಡು ಆರೋಪಿ ನಿಂತಿರುವ ಸ್ಥಳದಲ್ಲಿ, ಯಾರನ್ನು ತೋರಿಸಬೇಕೆಂದು ಮಗುವಿಗೂ ಗೊತ್ತಾಗುವಾಗ ಮಾಡುವ ಗುರುತು ಮೂಲವಂತೆ. ತಿಂಗಳೊಪ್ಪತ್ತಿನಲ್ಲಿ ಹಲವರ ನಡುವೆ ಮಾಡಿದ್ದು ಬೆಂಬಲವಂತೆ. ವಿಜ್ಞಾನ ಹೇಳುವುದು ಇದಕ್ಕೆ ತದ್ವಿರುದ್ಧ. ನ್ಯಾಯಾಲಯಗಳಿಗೆ ಇದರ ಅರಿವಿಲ್ಲವೆಂದಲ್ಲ: ಅಪರಿಚಿತನನ್ನು ಮೊದಲ ಬಾರಿಗೆ ಕೋರ್ಟಿನಲ್ಲೇ ಗುರುತಿಸಿದರೆ ಅದು ದುರ್ಬಲ, ಬೆಂಬಲ ಹುಡುಕುವುದು ವಿವೇಕ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ವಿವೇಕದ ಮಾತು ನಿಯಮವಾಗಿಲ್ಲ ಎಂಬುದೇ ನನ್ನ ತಕರಾರು.

ಆರೋಪಿಗಳ ಮುಖಕ್ಕೆ ಮುಸುಕು ಹಾಕಿ ಕರೆತರುವುದು ಇದಕ್ಕೇನಾ?

ಹೌದು, ಪರೇಡಿಗೆ ಮುನ್ನ ಸಾಕ್ಷಿ ಮುಖ ನೋಡಬಾರದೆಂದು. ಹಿಂದಿನ ಸಂಜೆಯೇ ಆ ಮುಖ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದರೆ ಮುಸುಕಿನಿಂದ ಪ್ರಯೋಜನವಿಲ್ಲ. ಪ್ರತಿವಾದಿ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ: ಪರೇಡಿಗೆ ಮುನ್ನ ಈ ಮುಖವನ್ನು ಎಲ್ಲಿ ನೋಡಿದ್ದಿರಿ?

ಸಿಸಿಟಿವಿ ಇರುವಾಗ ಈ ಚಿಂತೆ ಏಕೆ?

ಅಪರಿಚಿತರ ಮುಖ ಹೊಂದಿಸುವುದರಲ್ಲಿ ನಾವು ಅಂದುಕೊಂಡಷ್ಟು ಜಾಣರಲ್ಲ. ವಿಕಿ ಬ್ರೂಸ್ ತಂಡ 1999ರಲ್ಲಿ ಸ್ಪಷ್ಟ ಚಿತ್ರಗಳನ್ನೇ ಕೊಟ್ಟು, ಹತ್ತು ಮುಖಗಳಲ್ಲಿ ಹೊಂದುವುದನ್ನು ಹುಡುಕಿಸಿದಾಗ ಸುಮಾರು ಶೇ 30 ಉತ್ತರ ತಪ್ಪಾಗಿತ್ತು. ಅಲ್ಲಿ ನೆನಪಿಟ್ಟುಕೊಳ್ಳುವ ಕೆಲಸವೂ ಇರಲಿಲ್ಲ. 2020ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು, ಕಳ್ಳತನವೊಂದರ ಮಸುಕಾದ ಸಿಸಿಟಿವಿ ವಿಡಿಯೊ ಇಟ್ಟುಕೊಂಡು ಮುಖ ಗುರುತಿಸುವ ತಂತ್ರಾಂಶ ಸೂಚಿಸಿದವನೊಬ್ಬನನ್ನು ಬಂಧಿಸಿದರು; ನಡುವೆ ಫೋಟೊ ಸಾಲಿನಲ್ಲಿ ಅವನನ್ನು ‘ಗುರುತಿಸಿದ’ ಸಾಕ್ಷಿ ಕಳ್ಳತನವನ್ನು ಕಂಡೇ ಇರಲಿಲ್ಲ, ಅದೇ ಮಸುಕು ವಿಡಿಯೊ ನೋಡಿದ್ದರು ಅಷ್ಟೇ. ಬಂಧನ ತಪ್ಪಾಗಿತ್ತು.

ಮಂಪರು ಪರೀಕ್ಷೆಯಿಂದ ನಿಜ ನೆನಪು ಹೊರಬರುವುದಿಲ್ಲವೇ?

ಇಲ್ಲ. ಮಂಪರಿನಲ್ಲಿರುವವರು ಸುಲಭವಾಗಿ ಸೂಚನೆಗೆ ಬಗ್ಗುತ್ತಾರೆ. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆ ನಡೆಸುವಂತಿಲ್ಲ ಎಂದಿತು.

ಈ ಸಂಶೋಧನೆ ಅತ್ಯಾಚಾರ ಸಂತ್ರಸ್ತೆಯರನ್ನು ಅನುಮಾನಿಸಲು ಬಳಕೆಯಾಗುವುದಿಲ್ಲವೇ?

ಆಗುತ್ತದೆ, ಅದು ದುರ್ಬಳಕೆ. ತಪ್ಪು ಗುರುತಿನ ಸಮಸ್ಯೆ ಇರುವುದು ಅಪರಿಚಿತರ ವಿಷಯದಲ್ಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳ ಪ್ರಕಾರ ಭಾರತದಲ್ಲಿ ಶೇ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತ. ನೆರೆಮನೆಯವನನ್ನು, ಚಿಕ್ಕಪ್ಪನನ್ನು ಯಾರೂ ಮುಖ ಮರೆತು ತಪ್ಪಾಗಿ ಗುರುತಿಸುವುದಿಲ್ಲ. ಅಲ್ಲಿ ಲಾಫ್ಟಸ್ ಹೆಸರು ಎತ್ತುವ ವಕೀಲರನ್ನು ಅನುಮಾನದಿಂದಲೇ ನೋಡಿ. ಘಟನೆಯ ಅನುಕ್ರಮದಲ್ಲಿ ಸಣ್ಣ ಏರುಪೇರು ಇದ್ದಮಾತ್ರಕ್ಕೆ ಹೇಳಿಕೆ ಸುಳ್ಳು ಎನ್ನುವುದಕ್ಕೂ ಈ ಸಂಶೋಧನೆಯಲ್ಲಿ ಆಧಾರವಿಲ್ಲ. ಅಂಥ ಏರುಪೇರು ನೆನಪಿನ ಸಹಜ ಗುಣ ಎಂದೇ ಅದು ಹೇಳುತ್ತದೆ.

ನಮ್ಮಲ್ಲಿ ತಪ್ಪಾಗಿ ಜೈಲು ಸೇರಿದವರಿಗೆ ಪರಿಹಾರ ಸಿಗುತ್ತದೆಯೇ?

ಅದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಬೇಕು ಎಂದು ಕಾನೂನು ಆಯೋಗ 2018ರ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು. ನಮ್ಮಲ್ಲೇ ನಡೆದದ್ದು ನೋಡಿ: ಕುಶಾಲನಗರ ಸಮೀಪದ ವ್ಯಕ್ತಿಯೊಬ್ಬರು ಹೆಂಡತಿಯನ್ನು ಕೊಂದ ಆರೋಪದಲ್ಲಿ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದರು, 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡರು. ಅದು ಪ್ರತ್ಯಕ್ಷ ಸಾಕ್ಷಿಯ ಪ್ರಕರಣವಲ್ಲ, ಯಾರದೋ ಅಸ್ಥಿಪಂಜರವನ್ನು ಆಕೆಯದೆಂದು ತೀರ್ಮಾನಿಸಿದ ಪ್ರಕರಣ. ಮೊದಲು ತೀರ್ಮಾನ, ಆಮೇಲೆ ಗುರುತು ಎಂಬ ಕ್ರಮ ಮಾತ್ರ ಅದೇ.

ನಾನೇ ಸಾಕ್ಷಿಯಾದರೆ ಏನು ಮಾಡಲಿ?

ಕಂಡದ್ದನ್ನು ಯಾರೊಡನೆಯೂ ಚರ್ಚಿಸುವ ಮೊದಲು, ಸಮಯ ಹಾಕಿ ಬರೆದಿಡಿ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆಯಾಗಿಯೇ ಬರೆಯಿರಿ. ಪ್ರಕರಣದ ಸುದ್ದಿ, ಆರೋಪಿಯ ಫೋಟೊ ಹುಡುಕಬೇಡಿ. ಯಾರಾದರೂ ಮೊಬೈಲಿನಲ್ಲಿ ಫೋಟೊ ತೋರಿಸಿದ್ದರೆ ಅದನ್ನೂ ಹೇಳಿ. ಪರೇಡಿನಲ್ಲಿ ಒಬ್ಬರನ್ನು ಆರಿಸಲೇಬೇಕೆಂಬ ಕಟ್ಟುಪಾಡಿಲ್ಲ, ‘ಇವರಲ್ಲಿ ಯಾರೂ ಅಲ್ಲ’ ಎನ್ನಬಹುದು, ‘ಹೋಲುತ್ತಾನೆ, ಖಚಿತವಿಲ್ಲ’ ಎನ್ನಲೂಬಹುದು. ಹಾಗೆಂದರೆ ಅದನ್ನು ‘ಗುರುತಿಸಿದ್ದಾರೆ’ ಎಂದು ಬರೆದುಕೊಳ್ಳಲು ಬಿಡಬೇಡಿ. ಸಹಿ ಹಾಕುವ ಮುನ್ನ ವರದಿಯನ್ನು ಓದಿಸಿ ಕೇಳಿ, ನಿಮ್ಮ ಹಿಂಜರಿಕೆ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಹೇಳಿ.